ನಿಂಗಕ್ಕನಿಗೆ ಗರಿಕೆ ಕಚ್ಚಿಸಿದ್ದು

ಬಿದಿರುಮೆಳೆಯ ನಡುವೆ ಒಂದು ಕೊಳವಿತ್ತು. ಮಳೆಗಾಲದಲ್ಲಿ ಒಂದು ದಡದಿಂದ ಕೂಗಿದರೆ ಇನ್ನೊಂದು ದಡಕ್ಕೆ ಕೇಳಿಸದಷ್ಟು ದೊಡ್ಡದಾಗುತ್ತಿತ್ತು. ಬೇಸಿಗೆಯಲ್ಲಿ ನಡುವಿನ ಒಂದು ಗುಂಡಿಗೆ ಇಳಿದುಬಿಡುತ್ತಿತ್ತು. ಮಕ್ಕಳೇ, ಈ ಕತೆ ನಡೆದದ್ದು ಬೇಸಿಗೆಯಲ್ಲಿ. ಇದು ಕೋಪದ ಕತೆ.

ಕೊಳದ ಬಲದಂಡೆಯಲ್ಲಿ ಗೆದ್ದಲು ಬಿಟ್ಟುಹೋದ ಒಂದು ಹುತ್ತವಿತ್ತು. ಅದರಲ್ಲಿ ಜವರಣ್ಣ ಎಂಬ ಮುಂಗುಸಿ ತನ್ನ ಮಗಳು ಚಿಕ್ಕಿಯ ಜೊತೆ ವಾಸವಾಗಿದ್ದ. ಹುತ್ತದ ಪಕ್ಕದಲ್ಲೇ ನೀರಿನ ಕಡೆಗೆ ಬಾಗಿದ ಒಂದು ಮತ್ತಿಮರ. ಅದರ ಬಾಗಿದ ಕಾಂಡದ ಮೇಲೆ ನಿಂಗಕ್ಕ ಎಂಬ ಕಾಡುಬೆಕ್ಕು ಕೂರುತ್ತಿದ್ದಳು. ಮರದ ಬುಡದ ಬಿಲದಲ್ಲಿ ಮಾದಯ್ಯ ಎಂಬ ಮುಳ್ಳುಹಂದಿ. ಅವನು ಕತ್ತಲಲ್ಲಿ ತಿರುಗಿ ಹಗಲು ಮಲಗುವವನು. ನೀರಿನಲ್ಲಿ ಆಮೆಯಜ್ಜ. ಆಚೆಯ ಹುಲ್ಲಿನಲ್ಲಿ ಸಿದ್ದಮ್ಮ ಎಂಬ ಗೌಜಲಹಕ್ಕಿ ಮತ್ತು ಅವಳ ಏಳು ಮರಿಗಳು.

ಬೇಸಿಗೆ ಮುಗಿಯುವ ತನಕ ಕೊಳದ ಹತ್ತಿರ ಯಾರೂ ಯಾರನ್ನೂ ಹಿಡಿದು ತಿನ್ನಬಾರದು ಎಂಬುದು ಅಲ್ಲಿನ ಕಟ್ಟಳೆ. ಬೇಟೆ ಏನಿದ್ದರೂ ಮೆಳೆಯ ಆಚೆ. ಎಲ್ಲರೂ ಅದಕ್ಕೆ ಒಪ್ಪಿದ್ದರು. ಗಿಡುಗ ಮಾತ್ರ ಒಪ್ಪಿರಲಿಲ್ಲ. ಅದನ್ನು ಕೇಳಿದವರೂ ಇರಲಿಲ್ಲ.

ನಿಂಗಕ್ಕ ಮಾತಾಡುತ್ತಿದ್ದಳು. ಬೆಳಕು ಹರಿದಾಗ ಶುರುಮಾಡಿದರೆ ಹೊತ್ತು ಮುಳುಗಿದಾಗಲೇ ನಿಲ್ಲಿಸುವುದು. ಕೇಳಿದವರು ಉತ್ತರ ಕೊಟ್ಟರೂ ಸರಿ, ಕೊಡದಿದ್ದರೂ ಸರಿ.

"ಇರುವೆ ಸಾಲು ಇವತ್ತು ಕಲ್ಲಿನ ಈ ಕಡೆಯಿಂದ ಹೋಗ್ತಿದೆ. ನಿನ್ನೆ ಆ ಕಡೆಯಿಂದ ಹೋಗ್ತಿತ್ತು. ಏನು ಜಗಳವೋ ಏನೋ. ಆಮೆಯಜ್ಜ, ನಿಮ್ಮ ಬೆನ್ನಿಗೆ ಪಾಚಿ ಹತ್ತಿದೆ, ಕಲ್ಲಿಗೆ ಉಜ್ಜಿಕೊಳ್ಳಿ. ಸಿದ್ದಮ್ಮ, ನಿನ್ನ ಐದನೇ ಮರಿ ಕುಂಟ್ತಿದೆ, ಮುಳ್ಳು ತುಳಿದಿದೆಯೇನೋ ನೋಡು. ಈ ಎಡಗಿವಿ ಯಾಕೆ ಹೀಗೆ ತುರಿಸ್ತದೆ? ಚಿಕ್ಕೀ, ಅಂಚಿಗೆ ಹೋಗ್ಬೇಡ, ಕೆಸರಿದೆ."

"ನನ್ನ ಮೈಮೇಲೆ ಇರೋ ಮುಳ್ಳು ಸಾಲದು ಅಂತ ಕಿವಿಯೊಳಗೂ ಚುಚ್ತಾಳೆ ಇವಳು," ಎಂದು ಮಾದಯ್ಯ ಬಿಲದೊಳಗಿಂದ ಗೊಣಗುತ್ತಿದ್ದ.

"ಮಾದಯ್ಯ, ಎದ್ದಿದ್ದೀರಾ? ಎದ್ದಿದ್ದರೆ ಕೇಳಿ," ಎಂದು ನಿಂಗಕ್ಕ ಮತ್ತೆ ಶುರುಮಾಡುತ್ತಿದ್ದಳು.

ಮಾದಯ್ಯನದು ಗೊಣಗಾಟ ಅಷ್ಟೆ. ಜವರಣ್ಣನದು ಹಾಗಲ್ಲ, ಅವನದು ಕೋಪ. ಅದಕ್ಕೆ ಕಾರಣವಿತ್ತು.

ಜವರಣ್ಣನ ಹೆಂಡತಿ ಹೊನ್ನಿ. ನಿಂಗಕ್ಕನ ಮಾತಿಗೆ ಪೂರ್ತಿಯಾಗಿ ಕಿವಿ ಕೊಡುತ್ತಿದ್ದವಳು ಅವಳೊಬ್ಬಳೇ. ಚಳಿಗಾಲದ ಕೊನೆಯಲ್ಲಿ ಒಂದು ದಿನ, ಜವರಣ್ಣ ಹಾವಿನ ಬೇಟೆಗೆ ಮೆಳೆಯ ಆಚೆ ಹೋಗಿದ್ದಾಗ, ಗಿಡುಗ ಬಂದು ಹೊನ್ನಿಯನ್ನು ಎತ್ತಿಕೊಂಡು ಹೋಯಿತು. ಅವನು ಮರಳಿ ಬಂದಾಗ ದಂಡೆಯ ಮೇಲೆ ಒಂದು ಹಿಡಿ ಕೂದಲು ಬಿದ್ದಿತ್ತು. ಚಿಕ್ಕಿ ಹುತ್ತದ ಒಳಗೆ ನಡುಗುತ್ತಿದ್ದಳು.

ಜವರಣ್ಣ ಅತ್ತಿರಲಿಲ್ಲ. ಆಮೆಯಜ್ಜನನ್ನು ಒಂದೇ ಒಂದು ಮಾತು ಕೇಳಿದ್ದ.

"ಅಜ್ಜ, ಆ ಹೊತ್ತಿಗೆ ನಿಂಗಿ ಕೂಗಿದಳೇ?"

"ಇಲ್ಲಪ್ಪ," ಎಂದ ಆಮೆಯಜ್ಜ ಇದ್ದದ್ದನ್ನು ಇದ್ದ ಹಾಗೆ. "ಅಲ್ಲಿಯವರೆಗೆ ಮಾತಾಡ್ತಾನೇ ಇದ್ದಳು. ಆ ಹೊತ್ತಿಗೆ ಸುಮ್ಮನಾಗಿದ್ದಳು."

ಅಷ್ಟು ಸಾಕಾಯಿತು. ಇಡೀ ದಿನ ಬಡಬಡಿಸುವವಳು, ಬೇಕಾದ ಒಂದು ಗಳಿಗೆಯಲ್ಲಿ ಬಾಯಿ ಬಿಡಲಿಲ್ಲ. ಜವರಣ್ಣ ಅದನ್ನೇ ಮನಸ್ಸಿನಲ್ಲಿ ತಿರುವಿ ತಿರುವಿ ಹಾಕಿದ. ಯಾಕೆ ಸುಮ್ಮನಾದೆ ಎಂದು ನಿಂಗಕ್ಕನನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಅವಳು ಉತ್ತರ ಹೇಳುತ್ತಿದ್ದಳು, ಉತ್ತರ ಅವನಿಗೆ ಬೇಕಿರಲಿಲ್ಲ.

ಬೇಸಿಗೆ ನಡುವಿಗೆ ಬಂತು. ಒಂದು ಬೆಳಿಗ್ಗೆ ಜವರಣ್ಣ ನೀರು ಕುಡಿಯುತ್ತಿದ್ದ. ಮೇಲಿನಿಂದ ನಿಂಗಕ್ಕ ಎಂದಿನಂತೆ ಮಾತಾಡುತ್ತಿದ್ದಳು.

"ಗೊದಮೊಟ್ಟೆಗೆ ಕಾಲು ಬಂದಿದೆ ನೋಡು ಜವರ. ಹಿಂದಿನ ಕಾಲು ಮಾತ್ರ. ಮುಂದಿನದು ಇನ್ನೂ ಇಲ್ಲ. ನಡೆಯೋಕೆ ಹೋಗಿ ಮೂತಿ ಕೆಸರಿಗೆ ಹಾಕ್ತಿದೆ. ಹೊನ್ನಿ ನೋಡಿದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗೋಳು."

ಜವರಣ್ಣ ನೀರಿನಿಂದ ತಲೆ ಎತ್ತಿದ. ಅವನ ಬಾಲದ ಕೂದಲೆಲ್ಲ ನಿಮಿರಿ ನಿಂತಿತು.

"ಎಲ್ಲರನ್ನೂ ಕರೀರಿ," ಎಂದ. "ಇವತ್ತು ಇವಳಿಗೆ ಗರಿಕೆ ಕಚ್ಚಿಸ್ತೀನಿ."

ಕೊಳದಲ್ಲಿ ಒಂದು ಪದ್ಧತಿ ಇತ್ತು. ಒಬ್ಬರಿಂದ ಆಣೆ ಪಡೆಯಬೇಕಾದರೆ ಎಲ್ಲರ ಎದುರು ನೀರಿನಂಚಿನ ಗರಿಕೆ ಹುಲ್ಲನ್ನು ಅವರಿಂದ ಕಚ್ಚಿಸುತ್ತಿದ್ದರು. ಕಚ್ಚಲು ಒಪ್ಪದವರು ಕೊಳ ಬಿಟ್ಟು ಹೋಗಬೇಕು. ಕಚ್ಚಿದವರು ಆಣೆ ಮುರಿಯುವಂತಿಲ್ಲ. ಬಿಡಿಸಬೇಕೆಂದರೆ ಕಚ್ಚಿಸಿದವನೇ ಬರಬೇಕು, ಅದೇ ಜಾಗದಲ್ಲಿ ನಿಲ್ಲಬೇಕು, ಮೊದಲು ಸೇರಿದ್ದವರೆಲ್ಲ ಮತ್ತೆ ಸೇರಬೇಕು, ಆಗ 'ಬಿಟ್ಟೆ' ಎನ್ನಬೇಕು. ಸೇರಿದವರಲ್ಲಿ ಒಬ್ಬರು ಕಡಿಮೆಯಾದರೂ ಆಣೆ ಹಾಗೇ ಉಳಿಯುತ್ತಿತ್ತು.

ಎಲ್ಲರೂ ನೀರಿನಂಚಿಗೆ ಬಂದರು. ಮಾದಯ್ಯ ಕಣ್ಣುಜ್ಜಿಕೊಳ್ಳುತ್ತಾ ಬಂದ. ಚಿಕ್ಕಿ ಹುತ್ತದ ಆ ಬದಿಯಲ್ಲಿ ಬಿದಿರಿನ ಸಿಪ್ಪೆಯ ಜೊತೆ ಆಡುತ್ತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ.

"ಏನು ಆಣೆ?" ಎಂದು ನಿಂಗಕ್ಕ ಕೇಳಿದಳು.

"ಈ ಕೊಳದ ಹತ್ತಿರ ನೀನು ಬಾಯಿ ಬಿಡಬಾರದು. ಒಂದು ಮಾತೂ ಆಡಬಾರದು."

"ಎಷ್ಟು ದಿನ?"

"ನಾನಿರೋ ತನಕ."

ನಿಂಗಕ್ಕ ತಮಾಷೆ ಎಂದುಕೊಂಡಳು. ಅವನ ಕಣ್ಣು ನೋಡಿದ ಮೇಲೆ ತಮಾಷೆಯಲ್ಲ ಎಂದು ತಿಳಿಯಿತು.

"ಜವರ, ನಿನ್ನ ಕೋಪ ಯಾಕೆ ಅಂತ ನನಗೆ ಗೊತ್ತು. ಅವತ್ತು ಹೊನ್ನಿಗೆ..."

"ಅವಳ ಹೆಸರು ಎತ್ತಬೇಡ."

"ಎತ್ತದೆ ಹೇಗೆ ಹೇಳಲಿ? ನಾನು ಸುಮ್ಮನಾಗಿದ್ದು..."

"ಹೆಸರು ಎತ್ತಬೇಡ ಅಂದೆ."

ಸಿದ್ದಮ್ಮ ಮೆಲ್ಲನೆ ಮುಂದೆ ಬಂದಳು. "ಜವರಣ್ಣ, ಒಂದು ಮಾತು. ನನ್ನ ಮರಿಗಳು ನಿಂಗಕ್ಕನ ಮಾತು ಕೇಳಿಸ್ತಾ ಇದ್ರೇನೇ..."

"ಕೇಳಿ ಕೇಳಿ ಅವೂ ಬಾಯಿಬಡಕ ಆಗ್ತವೆ. ಅವನ್ನ ನೋಡ್ಕೋ ಹೋಗು."

ಸಿದ್ದಮ್ಮ ಹಿಂದೆ ಸರಿದಳು. ಮಾದಯ್ಯ ಆಕಳಿಸಿದ. ಆಮೆಯಜ್ಜ ತಲೆಯನ್ನು ಅರ್ಧ ಒಳಗೆ ಎಳೆದುಕೊಂಡ. ನಿಂಗಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇದು ಬೇಡ ಎನ್ನುವವರು ಒಬ್ಬರೂ ಸಿಗಲಿಲ್ಲ.

ಮೆಳೆಯ ಆಚೆ ಎಲ್ಲಿಯೂ ನೀರಿರಲಿಲ್ಲ. ಅವಳು ಬಗ್ಗಿ ಗರಿಕೆ ಕಚ್ಚಿದಳು. ಕಚ್ಚಿದ ಹುಲ್ಲನ್ನು ಜವರಣ್ಣನ ಕಾಲ ಬಳಿ ಉಗುಳಿ, ಮರ ಹತ್ತಿ, ಎಲ್ಲರಿಗೂ ಬೆನ್ನು ಮಾಡಿ ಕೂತಳು. ಅವಳ ಬಾಲದ ತುದಿ ಮಾತ್ರ ಆಡುತ್ತಿತ್ತು. ಬೆಕ್ಕಿನ ಬಾಲ ಹಾಗೆ ಆಡುವಾಗ ಯಾರೂ ಹತ್ತಿರ ಹೋಗಬಾರದು.

ಕೊಳ ಸುಮ್ಮನಾಯಿತು.

"ಆಹಾ, ಇದು ನಿದ್ದೆ," ಎಂದುಕೊಂಡು ಮಾದಯ್ಯ ಬಿಲ ಸೇರಿದ. ಜವರಣ್ಣ ಗೆದ್ದವನಂತೆ ಬೇಟೆಗೆ ಹೋದ. ಹುಲ್ಲಿನಲ್ಲಿ ಸಿದ್ದಮ್ಮನ ಏಳು ಮರಿಗಳು ಇದ್ದಲ್ಲೇ ನೆಲಕ್ಕೆ ಅಂಟಿಕೊಂಡು ಕೂತವು. ಹುತ್ತದ ಆ ಬದಿಯಲ್ಲಿ ಬಿದಿರಿನ ಸಿಪ್ಪೆ ಉಳಿಯಿತು, ಚಿಕ್ಕಿ ಇರಲಿಲ್ಲ.

ಸಂಜೆ ಜವರಣ್ಣ ಮನೆಗೆ ಬಂದಾಗ ಕತ್ತಲಾಗಿತ್ತು. ಮಗಳು ಒಳಗೆಲ್ಲೋ ಮಲಗಿದ್ದಾಳೆ ಎಂದುಕೊಂಡು ಬಾಗಿಲ ಬಳಿಯೇ ಮಲಗಿದ. ಬೆಳಿಗ್ಗೆ ಅವಳಿಗೆಂದು ಒಂದು ಹಲ್ಲಿ ಹಿಡಿದು ತಂದ. ಚಿಕ್ಕಿ ಬರಲಿಲ್ಲ. ಬಿಸಿಲು ಏರಿತು. ಆಗಲೂ ಬರಲಿಲ್ಲ.

"ಚಿಕ್ಕೀ," ಎಂದು ಅವನು ಹುತ್ತದ ಬಾಯಿಗೆ ಮುಖವಿಟ್ಟು ಕರೆದ.

ತುಂಬ ಕೆಳಗಿನಿಂದ ದನಿ ಬಂತು. "ಅಪ್ಪ."

"ಎಲ್ಲಿದ್ದೀಯ?"

"ಅವ್ವ ತೋರಿಸಿದ ಅಡಗುಬಿಲದಲ್ಲಿ."

"ಅಲ್ಲಿ ಏನು ಮಾಡ್ತಿದ್ದೀಯ? ಮೇಲೆ ಬಾ. ನೀರು ಕುಡಿಯೋಕೆ ಹೋಗೋಣ."

"ಬರಬಾರದು ಅಪ್ಪ. ನಿಂಗತ್ತೆ ಇನ್ನೂ ಮಾತಾಡ್ತಿಲ್ಲ."

ಜವರಣ್ಣನಿಗೆ ಅರ್ಥವಾಗಲಿಲ್ಲ. "ಅವಳು ಮಾತಾಡಿದರೇನು, ಬಿಟ್ಟರೇನು? ನಾನು ಕರೀತಿದ್ದೀನಿ, ಬಾ."

"ಯಾರು ಕರೆದರೂ ಬರಬಾರದು ಅಂತ ಅವ್ವ ಹೇಳಿದ್ದಾಳೆ. ಅಪ್ಪ ಕರೆದರೂ ಬರಬಾರದು ಅಂತ. ಅಪ್ಪನಿಗೆ ಮೇಲಿಂದ ಬರೋದು ಕಾಣೋದಿಲ್ಲ, ಅತ್ತೆಗೆ ಕಾಣ್ತದೆ ಅಂತ. ಬೆಳಕಿದ್ದಾಗ ಅತ್ತೆ ಮಾತಾಡ್ತಿದ್ದರೆ ಆಚೆ ಆಡು, ಮಾತು ನಿಂತರೆ ಕೆಳಗೆ ಓಡು, ಮತ್ತೆ ಶುರುವಾಗೋ ತನಕ ಏಳಬೇಡ ಅಂತ." ಕೆಳಗೆ ಮಣ್ಣು ಸರಿದ ಸದ್ದಾಯಿತು. ಮತ್ತೆ ದನಿ ಬಂತು. "ಅವತ್ತೂ ಅತ್ತೆ ಮಾತು ನಿಂತಿತ್ತು. ಅವ್ವ ನನ್ನ ಇಲ್ಲಿಗೆ ತಳ್ಳಿದಳು. ಅಪ್ಪ, ಗಿಡುಗ ಇನ್ನೂ ಅಲ್ಲೇ ಇದೆಯಾ? ಬಾಯಾರ್ತಿದೆ."

ಜವರಣ್ಣ ಹುತ್ತದ ಬಾಯಿಯಿಂದ ಮುಖ ತೆಗೆದ. ಆಕಾಶದಲ್ಲಿ ಏನೂ ಇರಲಿಲ್ಲ. ಇಲ್ಲ ಎಂದು ಎಷ್ಟು ಸಲ ಹೇಳಿದರೂ ಚಿಕ್ಕಿ ಕದಲಲಿಲ್ಲ. ಅವ್ವ ಹೇಳಿಕೊಟ್ಟದ್ದನ್ನು ಅವಳು ಬಿಡುವವಳಲ್ಲ.

ಅಡಗುಬಿಲದ ದಾರಿ ಮರಿ ತೂರುವಷ್ಟು ಮಾತ್ರ ಇತ್ತು. ಜವರಣ್ಣ ತಲೆ ತೂರಿಸಿದ, ಭುಜ ಸಿಕ್ಕಿಕೊಂಡಿತು. ಕೆರೆದ. ಬೇಸಿಗೆಯ ಹುತ್ತ ಕಲ್ಲಿನಂತಿತ್ತು. ಎರಡು ಉಗುರು ಕಿತ್ತುಬಂದವು. ಮಣ್ಣು ಬಂದದ್ದು ಒಂದು ಅಂಗೈಯಷ್ಟು. ನಡುಹಗಲ ಹೊತ್ತಿಗೆ ಚಿಕ್ಕಿ ಕರೆದದ್ದಕ್ಕೆಲ್ಲ ಉತ್ತರ ಕೊಡುವುದನ್ನು ಬಿಟ್ಟಳು. ಮೂರು ಸಲ ಕರೆದರೆ ಒಂದು ಸಲ "ಊಂ" ಎನ್ನುತ್ತಿದ್ದಳು.

ಅವನು ಮತ್ತಿಮರದ ಕೆಳಗೆ ಓಡಿದ.

"ಮಾತಾಡು," ಎಂದ.

ನಿಂಗಕ್ಕ ತಿರುಗಿ ನೋಡಿದಳು. ಬಾಯಿ ತೆರೆಯಲಿಲ್ಲ.

"ನಿಂಗೀ, ಮಾತಾಡು ಅಂತಿದ್ದೀನಿ. ಏನಾದರೂ ಹೇಳು. ಇರುವೆ ವಿಷಯ ಹೇಳು."

ಅವಳ ಕಿವಿಗಳು ಹಿಂದಕ್ಕೆ ಮಡಚಿಕೊಂಡವು. ಬಾಯಿ ತೆರೆಯಲಿಲ್ಲ.

"ನನ್ನ ಮಗಳು ಸಾಯ್ತಿದ್ದಾಳೆ, ನಿನಗೆ ಹಟ," ಎಂದು ಜವರಣ್ಣ ಕಿರುಚಿದ.

ಅದನ್ನು ಕೇಳಿ ನಿಂಗಕ್ಕ ಎದ್ದು ನಿಂತಳು. ಹುತ್ತದ ಕಡೆ ನೋಡಿದಳು, ನೀರಿನಂಚಿನ ಕಡೆ ನೋಡಿದಳು. ಮರದಿಂದ ಜಿಗಿದು ನೇರವಾಗಿ ಗರಿಕೆಯ ಬಳಿ ಹೋಗಿ ನಿಂತು, ಮುಂಗಾಲಿನಿಂದ ನೆಲವನ್ನು ಹೊಡೆದಳು. ಒಂದು ಸಲ, ಎರಡು ಸಲ.

ಆಮೆಯಜ್ಜ ನೀರಿನಿಂದ ಕತ್ತು ಚಾಚಿದ. "ಜವರ, ಕಚ್ಚಿಸಿದವನು ನೀನು. ನೀನು ಬಿಡಿಸದೆ ಅವಳು ಹೇಗೆ ಮಾತಾಡ್ತಾಳೆ? ಎಲ್ಲರನ್ನೂ ಸೇರಿಸು."

ಸಿದ್ದಮ್ಮ ಆಗಲೇ ಬಂದಿದ್ದಳು. ಇರದಿದ್ದವನು ಮಾದಯ್ಯ ಒಬ್ಬನೇ. ಜವರಣ್ಣ ಅವನ ಬಿಲದ ಬಾಯಲ್ಲಿ ಕೂಗಿದ.

"ಮಾದಯ್ಯ, ಏಳಿ. ಬೇಗ ಬನ್ನಿ."

"ಯಾರದು? ಈಗ ತಾನೇ ಕಣ್ಣು ಹತ್ತಿದೆ. ಎಷ್ಟು ದಿನದ ಮೇಲೆ ಸದ್ದಿಲ್ಲ, ನೀನು ಶುರುಮಾಡಿದೆಯಾ?"

"ಚಿಕ್ಕಿ ಸಾಯ್ತಿದ್ದಾಳೆ. ಬನ್ನಿ."

ಮಾದಯ್ಯ ಬಂದ. ಅವಸರದಲ್ಲಿ ಹಿಂದು ಮುಂದಾಗಿ ಬಂದದ್ದರಿಂದ ಅವನ ಎರಡು ಮುಳ್ಳು ಜವರಣ್ಣನ ತೊಡೆಗೆ ಚುಚ್ಚಿಕೊಂಡವು. ಜವರಣ್ಣ ಅವನ್ನು ಕೀಳಲೂ ನಿಲ್ಲಲಿಲ್ಲ.

ಅದೇ ಜಾಗದಲ್ಲಿ ಐವರೂ ನಿಂತರು.

"ಬಿಟ್ಟೆ," ಎಂದ ಜವರಣ್ಣ. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಎಲ್ಲರಿಗೂ ಕೇಳಿಸಬೇಕು," ಎಂದ ಆಮೆಯಜ್ಜ.

"ಬಿಟ್ಟೆ. ನಿಂಗಕ್ಕನನ್ನು ಆಣೆಯಿಂದ ಬಿಟ್ಟೆ."

ನಿಂಗಕ್ಕ ಓಡಿಹೋಗಿ ಕಾಂಡ ಹತ್ತಿ ಬಾಯಿ ತೆರೆದಳು. ಮರಿಗೆ ಕೇಳುವಂತೆ ಒಂದು ಒಳ್ಳೆಯ ಮಾತು ಹೇಳಬೇಕು ಎಂದುಕೊಂಡಳು. ಬರಲಿಲ್ಲ. ಹಿಂದಿನ ದಿನದಿಂದ ಗಂಟಲಲ್ಲಿ ನಿಂತಿದ್ದದ್ದೇ ಬಂತು.

"ಮೂರ್ಖ," ಎಂದಳು. "ನಿನ್ನಂಥ ಮೂರ್ಖನನ್ನ ನಾನು ಈ ಕಾಡಲ್ಲಿ ನೋಡಿಲ್ಲ. ಕೇಳೋಕೆ ಬಾರದ ನಿನಗೆ ಎರಡು ಕಿವಿ ಯಾಕೆ? ಯಾಕೆ ಸುಮ್ಮನಾದೆ ನಿಂಗಕ್ಕ ಅಂತ ಒಂದು ದಿನ ಕೇಳಿದೆಯಾ? ಹೇಳೋಕೆ ಬಂದರೆ ಬಿಟ್ಟೆಯಾ? ಗಿಡುಗನ ನೆರಳು ಕಂಡರೆ ನನ್ನ ಗಂಟಲು ಕಟ್ಟಿಹೋಗ್ತದೆ. ಕೂಗಬೇಕು ಅಂದರೂ ಆಗೋದಿಲ್ಲ. ಬೆಕ್ಕಿನ ಜಾತಿಯೇ ಹಾಗೆ. ನಾನದನ್ನ ಹೊನ್ನಿಗೆ ಹೇಳಿದ್ದೆ. ಹಾಗಿದ್ದರೆ ನೀನು ಮಾತಾಡ್ತಾನೇ ಇರು ಅಕ್ಕ, ನಿಂತರೆ ನಾನು ಓಡ್ತೀನಿ ಅಂದಳು ಅವಳು. ನಾನು ಹುಟ್ಟಿನಿಂದಲೇ ಮಾತಿನಮಲ್ಲಿ, ಇಲ್ಲ ಅನ್ನೋದಿಲ್ಲ. ಆದರೆ ಗಂಟಲು ಒಣಗಿದ ಮೇಲೂ ಇರುವೆ ಲೆಕ್ಕ ಹೇಳ್ತಾ ಕೂರೋಕೆ ಇರುವೆ ಏನು ನನ್ನ ನೆಂಟರಾ?"

ಹುತ್ತದ ಬಾಯಲ್ಲಿ ಒಂದು ಮೂತಿ ಕಾಣಿಸಿತು. ಸಣ್ಣದು, ಮಣ್ಣು ಮೆತ್ತಿದ್ದು.

ನಿಂಗಕ್ಕ ಅದನ್ನು ನೋಡಿ ಉಸಿರು ತೆಗೆದುಕೊಳ್ಳಲು ಮಾತು ನಿಲ್ಲಿಸಿದಳು. ಮೂತಿ ತಟ್ಟನೆ ಒಳಗೆ ಹೋಯಿತು.

"ನಿಲ್ಲಿಸಬೇಡ," ಎಂದ ಜವರಣ್ಣ. "ಅಕ್ಕ, ಬಯ್ಯಿ. ಬಯ್ತಾ ಇರು."

"ನೀನು ಹೇಳಬೇಕಾಗಿಲ್ಲ. ಬಯ್ಯೋಕೆ ನನಗೆ ಇನ್ನೂ ಬೇಕಾದಷ್ಟಿದೆ. ಅವತ್ತು ಹೊನ್ನಿ ನೀರಿನ ಬಳಿ ಇದ್ದಳು. ಮಗಳು ಹುತ್ತದ ಆಚೆ ಇದ್ದಳು. ನನ್ನ ಮಾತು ನಿಂತದ್ದೇ ಅವಳಿಗೆ ತಿಳಿಯಿತು. ಒಬ್ಬಳೇ ಆಗಿದ್ದರೆ ಬದುಕಿಬಿಡ್ತಿದ್ದಳು. ಆಚೆ ಓಡಿ, ಮಗಳನ್ನ ಎತ್ತಿ ತಂದು ಒಳಗೆ ತಳ್ಳಿದಳು. ತಾನು ಹುತ್ತಕ್ಕೆ ತೂರೋದಕ್ಕೆ ಒಂದು ಗಳಿಗೆ ಕಮ್ಮಿ ಬಿತ್ತು. ನಾನು ಇಲ್ಲಿಂದ ನೋಡ್ತಿದ್ದೆ. ಗಂಟಲು ಕಟ್ಟಿಕೊಂಡು ನೋಡ್ತಿದ್ದೆ. ನಿನಗೊಬ್ಬನಿಗೇ ಸಂಕಟ ಅಂದುಕೊಂಡೆಯಾ?"

ಚಿಕ್ಕಿ ಹೊರಗೆ ಬಂದಿದ್ದಳು. ಮೈ ನೆಲಕ್ಕೆ ತಾಗಿಸಿಕೊಂಡು ನೀರಿನ ಕಡೆ ತೆವಳುತ್ತಿದ್ದಳು. ಜವರಣ್ಣ ಅವಳ ಕಡೆ ಒಂದು ಹೆಜ್ಜೆ ಇಟ್ಟ.

"ಅಲ್ಲೇ ನಿಲ್ಲು," ಎಂದಳು ನಿಂಗಕ್ಕ. "ನೀನು ಹೋಗಿ ಹೆದರಿಸೋದೊಂದು ಬಾಕಿ. ಮಾದಯ್ಯ, ನೀವೇನು ನಗ್ತಿದ್ದೀರಿ? ನಿಮಗೆ ನಿದ್ದೆ ಬೇಕಿತ್ತು, ಬಂತಲ್ಲ, ಚೆನ್ನಾಗಿತ್ತಾ? ಆಮೆಯಜ್ಜ, ನೀವು ಹಿರಿಯರು. ತಲೆ ಒಳಗೆ ಎಳ್ಕೊಳ್ಳೋದೇ ಹಿರಿತನವಾ? ಸಿದ್ದಮ್ಮ, ನೀನೊಬ್ಬಳು ಬಾಯಿ ಬಿಟ್ಟೆ, ಅದೂ ಅರ್ಧ. ಮಿಕ್ಕ ಅರ್ಧ ಯಾರಿಗೆ ಇಟ್ಟುಕೊಂಡೆ?"

ಚಿಕ್ಕಿ ನೀರಿಗೆ ಮೂತಿ ಇಟ್ಟಳು. ಕುಡಿದಳು. ಹೊಟ್ಟೆ ಗುಂಡಗಾಗುವ ತನಕ ಕುಡಿದಳು. ನಿಂಗಕ್ಕನ ದನಿ ಒಡೆದು ಬೊಗಸೆ ಮರಳು ಸುರಿದಂತೆ ಕೇಳುತ್ತಿತ್ತು. ಆದರೂ ಅವಳು ನಿಲ್ಲಿಸಲಿಲ್ಲ.

"ಸಾಕು ಚಿಕ್ಕೀ, ಒಂದೇ ಸಲಕ್ಕೆ ಅಷ್ಟು ಕುಡಿದರೆ ಹೊಟ್ಟೆ ನೋವು ಬರ್ತದೆ, ನೆರಳಿಗೆ ಬಾ," ಎಂದಳು, ಬಯ್ಯುವ ದನಿಯಲ್ಲೇ. ಆಮೇಲೆ ಮತ್ತೆ ಜವರಣ್ಣನ ಕಡೆ ತಿರುಗಿದಳು.

ಮಾದಯ್ಯ ಅದೇ ವಾರ ಕೊಳದ ಎಡದಂಡೆಯಲ್ಲಿ ಹೊಸ ಬಿಲ ತೋಡಿಕೊಂಡ. ನಿದ್ದೆ ಬೇಕಾದವನು ತಾನು, ಆದ್ದರಿಂದ ಜಾಗ ಬದಲಿಸಬೇಕಾದವನೂ ತಾನು ಎಂದು ಹೇಳಿದ.

ನಿಂಗಕ್ಕ ಜವರಣ್ಣನನ್ನು ಕ್ಷಮಿಸಲಿಲ್ಲ. ದಿನಕ್ಕೊಮ್ಮೆ ಆ ವಿಷಯ ಎತ್ತಿ ಬಯ್ಯುತ್ತಿದ್ದಳು. ಅವಳ ಮಾತು ಅವನಿಗೆ ಆಮೇಲೂ ಕಿರಿಕಿರಿಯೇ. ತಾಳಲಾರದ ದಿನ ಮೆಳೆಯ ಕಡೆ ಎದ್ದು ಹೋಗುತ್ತಿದ್ದ. ಆದರೆ ಅವಳ ಮಾತು ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗೆ ಮಾತ್ರ. ಬಯ್ಗುಳ ಹೊನ್ನಿ ಓಡಿದ ಜಾಗಕ್ಕೆ ಬಂದಾಗ ಅವನು ಮರದ ಹತ್ತಿರಕ್ಕೆ ಬಂದು ಕೂರುತ್ತಿದ್ದ.

ನೀತಿ: ಒಬ್ಬರ ಮಾತು ಬರಿಯ ಸದ್ದು ಎಂದು ಕೋಪದಿಂದ ಬಾಯಿ ಮುಚ್ಚಿಸುವ ಮೊದಲು, ಆ ಸದ್ದನ್ನು ನಂಬಿ ಯಾರು ಬದುಕಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಬೇಕು.